ಗಂಗಹನುಮಯ್ಯನ ಏಳನೇ ಪಾಠ

ಮಧುಗಿರಿಯ ಗಂಗಹನುಮಯ್ಯನಿಗೆ ಬೀಡಿ, ಇಸ್ಪೀಟು ಒಂದೂ ಇರಲಿಲ್ಲ. ಇದ್ದದ್ದು ಒಂದೇ ದುರಭ್ಯಾಸ: ಗೊತ್ತಿದ್ದುದನ್ನು ಪೂರ್ತಿ ಹೇಳಿಕೊಡುವುದು. ಬದುಕು ಬಲ್ಲವರು ಹಾಗೆ ಮಾಡುವುದಿಲ್ಲ. ಹುಣಸೆಹಣ್ಣು ಮಾರುವವನು ಕೂಡ ನಾಲ್ಕು ಬೀಜ ಒಳಗೇ ಉಳಿಸಿ ತೂಗುತ್ತಾನೆ. ಇವನು ಬೀಜ ಬಿಡಿಸಿ, ನಾರು ತೆಗೆದು, ಕೈಗಿಡುವ ಆಸಾಮಿ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ಊರಲ್ಲಿ ಶಾಲೆ ಕಾಲೇಜು ನಡೆಸುತ್ತಿದ್ದ ಒಂದು ಖಾಸಗಿ ವಿದ್ಯಾಸಂಸ್ಥೆಯ ಕಂಪ್ಯೂಟರುಗಳನ್ನು ಅವನು ಹದಿನಾರು ವರ್ಷದಿಂದ ನೋಡಿಕೊಳ್ಳುತ್ತಿದ್ದ. ಕೆಲಸ ಹಂಗಾಮಿ. ಹದಿನಾರು ವರ್ಷದ ಹಂಗಾಮಿ ಎಂದರೆ ಮದುವೆಗೆಂದು ಹಾಕಿದ ಚಪ್ಪರವನ್ನು ಹಾಗೇ ಬಿಟ್ಟು, ಕೂಸಿಗೆ ಮೀಸೆ ಬರುವವರೆಗೂ ಅದರಡಿಯಲ್ಲೇ ಸಂಸಾರ ಮಾಡಿದ ಹಾಗೆ. ಆಡಳಿತ ಮಂಡಳಿ ಈ ವರ್ಷ ದೊಡ್ಡ ಮನಸ್ಸು ಮಾಡಿತು. ಹದಿನೈದು ವರ್ಷ ತುಂಬಿದ ಹಂಗಾಮಿಗಳನ್ನು ಕಾಯಂ ಮಾಡುವುದು, ಯಾರಿಗೆ ಎಷ್ಟು ವರ್ಷ ಎಂಬುದನ್ನು ಕಂಪ್ಯೂಟರಿನ ಹಾಜರಿ ನೋಡಿ ತೀರ್ಮಾನಿಸುವುದು. ಆ ಹಾಜರಿ ವ್ಯವಸ್ಥೆ ಕಟ್ಟಿದವನೇ ಗಂಗಹನುಮಯ್ಯ. ಅದು ಬಂದಮೇಲೆ ಹಳೆಯ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ರದ್ದಿಗೆ ಹಾಕಿಸಿದವನೂ ಅವನೇ.

ಸಂಸ್ಥೆಯ ಕಾರ್ಯದರ್ಶಿ ನಾಗಲಿಂಗಯ್ಯ. ಹಿಂದೆ ಕಡಲೆಕಾಯಿ ಮಂಡಿ ನಡೆಸಿದವರು. ಒಂದು ದಿನ ಇವನನ್ನು ಕರೆದರು.

"ಏನಯ್ಯ ಗಂಗ, ಪಾವಗಡದಲ್ಲಿ ಕಂಪ್ಯೂಟರ್ ಸೀನಿದ್ರೂ ನೀನೇ ಬಸ್ ಹತ್ತಬೇಕು. ನಾಳೆ ನಿಂಗೇನಾದ್ರೂ ಆದ್ರೆ ನಾವು ಬಾಯ್ ಬಡ್ಕೊಳೋದಾ? ಮಿಕ್ಕ ಮೂರೂ ಊರಿನ ಹುಡುಗ್ರಿಗೆ ಆ ಸ್ಕ್ರಿಪ್ಟೋ ಗಿಪ್ಟೋ ಏನೈತಲ್ಲ, ಅದುನ್ನ ಹೇಳ್ಕೊಟ್ಬುಡು. ಕಾಯಂ ಪಟ್ಟಿ ನನ್ ಕೈಲೇ ಐತೆ, ಗ್ಯಾಪಕ ಇರ್ಲಿ."

ಗಂಗಹನುಮಯ್ಯ ಎರಡು ತಿಂಗಳು ಕೂತು ಬರೆದ. ಹನ್ನೆರಡು ಪಾಠ, ನಲವತ್ತು ಗಂಟೆ, ಎಲ್ಲ ಕನ್ನಡದಲ್ಲಿ. ಗೋಡೆಗೆ ಒರಗಿ ಬರೆಯುತ್ತಿದ್ದವನನ್ನು ಹೆಂಡತಿ ಲಕ್ಕಮ್ಮ ಕೇಳಿದಳು: "ಏನ್ರೀ ಇದು, ನಾಟಕ ಬರೀತಾ ಇದ್ದೀರಾ?"

"ಸ್ಕ್ರಿಪ್ಟು ಕಣೆ. ಮದುವೆ ಮನೇಲಿ ಅಡುಗೆಯವ್ರಿಗೆ ಚೀಟಿ ಬರ್ಕೊಡ್ತೀವಲ್ಲ, ಮೊದ್ಲು ಇದು ಮಾಡು, ಆಮೇಲೆ ಅದು ಮಾಡು ಅಂತ? ಅಂಗೇ ಕಂಪ್ಯೂಟ್ರಿಗೆ ಬರ್ಕೊಡೋ ಚೀಟಿ. ಒಂದ್ಸಲ ಬರೆದಿಟ್ರೆ ಅದೇ ಮಾಡ್ಕೊಂಡು ಹೋಗ್ತದೆ."

"ಅದೇ ಮಾಡ್ಕೊಂಡು ಹೋದ್ರೆ ನಿಮ್ಮುನ್ನ ಯಾಕೆ ಇಟ್ಕೊಂತಾರೆ?"

ಗಂಗಹನುಮಯ್ಯ ಹಾಳೆ ತಿರುವಿ ಮುಂದಿನ ಪಾಠಕ್ಕೆ ಹೋದ.

ಅವನಿಗೆ ಹೆಮ್ಮೆಯಿದ್ದದ್ದು ಏಳನೇ ಪಾಠದ ಮೇಲೆ. ಇಂಗ್ಲಿಷ್ ಪುಸ್ತಕಗಳಲ್ಲಿ ಉದಾಹರಣೆಗೆ ಬರುವ ಹೆಸರು ಜಾನ್, ಮೇರಿ. ಜಾನ್‌ನನ್ನು ಅಳಿಸು ಎಂದರೆ ಜಾನ್ ಒಬ್ಬನೇ ಹೋಗುತ್ತಾನೆ. ನಮ್ಮ ಕಡೆಯ ಹೆಸರುಗಳು ಹಾಗಲ್ಲ, ಬಸುರಿ ಹೆಸರುಗಳು ಎಂದು ಅವನು ಬರೆದಿದ್ದ. ಸಣ್ಣರಂಗಯ್ಯನ ಹೊಟ್ಟೆಯಲ್ಲಿ ಒಬ್ಬ ರಂಗಯ್ಯ ಇದ್ದಾನೆ. ಚಿಕ್ಕಲಕ್ಷ್ಮಮ್ಮನ ಹೊಟ್ಟೆಯಲ್ಲಿ ಲಕ್ಷ್ಮಮ್ಮ ಇದ್ದಾಳೆ. ರಂಗಯ್ಯನನ್ನು ಅಳಿಸು ಎಂದು ಬರಿದೇ ಹೇಳಿದರೆ ಕಂಪ್ಯೂಟರು ಆ ಅಕ್ಷರಗಳು ಎಲ್ಲೆಲ್ಲಿ ಸಿಕ್ಕವೋ ಅಲ್ಲೆಲ್ಲ ಕೈಹಾಕಿ, ಸಣ್ಣರಂಗಯ್ಯನನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಹೆಸರಿನ ಮುಂದೊಂದು, ಹಿಂದೊಂದು ಗುರುತು ಹಾಕಿ, ಇಲ್ಲಿಂದ ಇಲ್ಲಿಗೆ ಮಾತ್ರ ಎಂದು ಹೇಳಬೇಕು. ಇದಕ್ಕೆ ಅವನು 'ಬದು ಹಾಕುವುದು' ಎಂದು ಹೆಸರಿಟ್ಟಿದ್ದ. ಬದು ಇಲ್ಲದೆ ನೀರು ಬಿಟ್ಟರೆ ಪಕ್ಕದವನ ಹೊಲವೂ ನೆನೆಯುತ್ತದೆ.

ನಾಗಲಿಂಗಯ್ಯ ಹಸ್ತಪ್ರತಿಯನ್ನು ಕಡಲೆಕಾಯಿ ಚೀಲದ ಹಾಗೆ ಕೈಯಲ್ಲೇ ತೂಗಿ ನೋಡಿದರು.

"ನಲವತ್ತು ಗಂಟೆ! ಹುಡುಗ್ರು ಕೆಲಸ ಬುಟ್ಟು ಇಲ್ಲೇ ಕುಂತ್ಕೊಳೋದಾ? ಹನ್ನೆರಡು ಗಂಟೆಗೆ ಇಳ್ಸು. ಸಿಪ್ಪೆ ಸುಲಿದು ಬೀಜ ಕೊಡಯ್ಯ."

"ಯಾವ್ದು ಸಿಪ್ಪೆ ಸಾರ್?"

ಅವರು ಹಾಳೆ ತಿರುವಿದರು. "ನೋಡಿಲ್ಲಿ, ಬಸುರಿ ಅಂತೆ, ಬದು ಅಂತೆ. ಇದೇನು ಆಸ್ಪತ್ರೆನಾ, ಹೊಲನಾ? ತೆಗಿ. ಒಂಬತ್ತನೇದು... ಹಳೇ ದಾಖಲೆ ಬೇರೆ ಡಿಸ್ಕಲ್ಲಿ ಇಡೋದು. ಹಳೇದು ಯಾಕಯ್ಯ? ಆ ಡಿಸ್ಕಿಗೆಲ್ಲ ದುಡ್ಡಿಲ್ಲ, ಅದುನ್ನೂ ತೆಗಿ."

ಗಂಗಹನುಮಯ್ಯ ಒಂದು ಮಾತು ಆಡಬಹುದಿತ್ತು. ಕಾಯಂ ಪಟ್ಟಿ ಅವರ ಮೇಜಿನ ಮೇಲೆಯೇ ಇತ್ತು. ಆಡಲಿಲ್ಲ.

ಎರಡು ದಿನದ ತರಬೇತಿ ಮುಗಿಯಿತು. ಪಾವಗಡದಿಂದ ಬಂದಿದ್ದ ಅಂಜನ್ ಕುಮಾರ್, "ಸಾರ್, ಇಷ್ಟೇನಾ? ಚಾಲಾ ಈಜಿ ಸಾರ್!" ಎಂದು ತೆಲುಗು ಬೆರೆಸಿ, ತುಂಬ ಸುಲಭವೆಂದು ಕೈ ಮುಗಿದ. ಕೊರಟಗೆರೆಯ ನವೀನ್ ಕುಮಾರ್ ಎಲ್ಲರಿಗಿಂತ ಚುರುಕು, ಎಲ್ಲವನ್ನೂ ಬರೆದುಕೊಂಡ. ಹೇಳಿಕೊಡದಿದ್ದುದನ್ನು ಬರೆದುಕೊಳ್ಳುವಷ್ಟು ಚುರುಕು ಯಾರೂ ಇರುವುದಿಲ್ಲ.

ಮೂರನೇ ವಾರ, ಸೋಮವಾರ ಬೆಳಿಗ್ಗೆ, ಗಂಗಹನುಮಯ್ಯ ಹಾಜರಿ ಯಂತ್ರದ ಮೇಲೆ ಬೆರಳಿಟ್ಟ. ಪರದೆಯಲ್ಲಿ ಕೆಂಪಕ್ಷರ ಮೂಡಿತು: 'ಇಂಥ ವ್ಯಕ್ತಿ ಇಲ್ಲ.' ಕನ್ನಡದಲ್ಲೇ ಇರಲಿ ಎಂದು ಆ ವಾಕ್ಯವನ್ನು ಬರೆದವನು ಅವನೇ. ಬೆರಳನ್ನು ಪಂಚೆಗೆ ಒರೆಸುವ ಹಾಗೆ ಪ್ಯಾಂಟಿಗೆ ಒರೆಸಿ ಮತ್ತೆ ಇಟ್ಟ. ಇಂಥ ವ್ಯಕ್ತಿ ಇಲ್ಲ.

ಒಳಗೆ ಹೋಗಿ ಹುಡುಕಿದ. ಹೆಸರಿಲ್ಲ, ಸೇರಿದ ದಿನವಿಲ್ಲ, ಹದಿನಾರು ವರ್ಷದ ಒಂದು ಬೆಳಗಿನ ಹಾಜರಿಯೂ ಇಲ್ಲ. ಆಗ ನೆನಪಾಯಿತು: ಕೊರಟಗೆರೆಯ ಜವಾನ ಹನುಮಯ್ಯ ಶನಿವಾರ ನಿವೃತ್ತನಾಗಿದ್ದ. ಫೋನು ಮಾಡಿದ.

"ನವೀನಾ, ಹನುಮಯ್ಯನ್ನ ಹೆಂಗಪ್ಪ ತೆಗ್ದೆ?"

"ನೀವು ಹೇಳ್ಕೊಟ್ಟಂಗೇ ಸಾರ್. ಸ್ಕ್ರಿಪ್ಟಲ್ಲಿ ಹೆಸರು ಕೊಟ್ಟೆ, ಎರಡು ಸಿಕ್ಕಿದೆ, ತೆಗೀಲಾ ಅಂತು. ಸಂಬಳದ ಪಟ್ಟೀಲಿ ಒಂದು, ಹಾಜರೀಲಿ ಒಂದು ಅನ್ಕೊಂಡು ಹೂಂ ಅಂದೆ. ಯಾಕ್ ಸಾರ್?"

"ಏನಿಲ್ಲ ಬುಡು," ಎಂದು ಗಂಗಹನುಮಯ್ಯ ಫೋನು ಇಟ್ಟ. ತನ್ನ ಹೊಟ್ಟೆಯಲ್ಲೂ ಒಬ್ಬ ಹನುಮಯ್ಯ ಇದ್ದಾನೆಂಬುದು ಏಳನೇ ಪಾಠ ಬರೆಯುವಾಗಲೂ ಅವನಿಗೆ ಹೊಳೆದಿರಲಿಲ್ಲ. ಉಳಿದ ಮೂರು ಊರಿನ ಕಂಪ್ಯೂಟರುಗಳಲ್ಲಿ ಹುಡುಕಿದ. ನಾಲ್ಕೂ ಕಡೆಯ ದಾಖಲೆ ಒಂದೇ ಸಮ ಇರಲೆಂದು ಪ್ರತಿದಿನ ಓಡುವ ಸ್ಕ್ರಿಪ್ಟೊಂದನ್ನು ಅವನೇ ಬರೆದಿಟ್ಟಿದ್ದ. ಅದು ತಪ್ಪದೆ ಓಡಿ, ನಾಲ್ಕೂ ತಾಲ್ಲೂಕಿನಿಂದ ಅವನನ್ನು ಅಚ್ಚುಕಟ್ಟಾಗಿ ಒರೆಸಿತ್ತು.

ನಾಗಲಿಂಗಯ್ಯ ಸಾವಧಾನವಾಗಿ ಕೇಳಿಸಿಕೊಂಡರು. ಕಾಫಿಯನ್ನೂ ತರಿಸಿದರು, ಅಲ್ಲಿಗೇ ಇವನಿಗೆ ಅನುಮಾನ ಬಂತು.

"ನೀನಿಲ್ಲ ಅಂತ ನಾನು ಹೇಳ್ತಿಲ್ಲ ಕಣಯ್ಯ. ಕಂಪ್ಯೂಟರ್ ಹೇಳ್ತೈತೆ. ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂತ ನಂಗೆ ಹೇಳ್ಕೊಟ್ಟೋನು ನೀನೇ."

"ಸಾರ್, ಹದಿನಾರು ವರ್ಷ ನಿಮ್ಮ ಕಣ್ಮುಂದೆ ಇದ್ದೀನಿ."

"ಕಣ್ಣನ್ನ ಪಟ್ಟಿಗೆ ಲಗತ್ತಿಸಾಕಾಗ್ತದಾ? ಮಂಡಳಿ ದಾಖಲೆ ಕೇಳ್ತದೆ."

"ಐದು ನಿಮಿಷ ಕೊಡಿ, ಎಲ್ಲ ಮತ್ತೆ ತುಂಬ್ತೀನಿ."

"ನೀನೇ ಕುಂತು ನಿನ್ ಹಾಜರಿ ಬರ್ಕೊಂಡ್ರೆ ಅದು ದಾಖಲೆ ಅಲ್ಲ, ಕಳ್ಳಲೆಕ್ಕ. ಬೇಡ. ಇವತ್ತಿಂದ ಹೊಸದಾಗಿ ಸೇರ್ಸ್ಕೊ. ಮುಂದಿನ ಸಲ ಪಟ್ಟಿ ಮಾಡೋವಾಗ ನೋಡನ."

ಮುಂದಿನ ಸಲ ಎಂದರೆ ಹದಿನೈದು ವರ್ಷ. ಅವನಿಗೆ ಈಗ ನಲವತ್ತೇಳು.

ಅವನು ತನ್ನ ಕುರ್ಚಿಗೆ ಮರಳಿದ. ಐದು ನಿಮಿಷವೂ ಬೇಕಿರಲಿಲ್ಲ, ಎಂಟು ಸಾಲಿನ ಸ್ಕ್ರಿಪ್ಟು ಸಾಕಿತ್ತು. ಹದಿನಾರು ವರ್ಷ ಮರಳಿ ಬರುತ್ತಿದ್ದವು, ತುಂಬಿದ್ದರ ಗುರುತೂ ಉಳಿಯುತ್ತಿರಲಿಲ್ಲ. ನಾಲ್ಕು ಸಾಲು ಬರೆದ. ಹನ್ನೆರಡನೇ ಪಾಠದ ಕೊನೆಯಲ್ಲಿ, ಸಿಪ್ಪೆ ಸುಲಿದ ಮೇಲೂ ಉಳಿದಿದ್ದ ಒಂದು ಮಾತಿತ್ತು: ಕೀಲಿ ಕೈಯಲ್ಲಿದ್ದವನು ತನ್ನ ಹೆಸರಿನ ಮೇಲೆ ಕೈಯಾಡಿಸಬಾರದು. ಬರೆದ ನಾಲ್ಕು ಸಾಲನ್ನೂ ಅಳಿಸಿದ. ಸೇರಿದ ದಿನಾಂಕದ ಜಾಗದಲ್ಲಿ ಅವತ್ತಿನ ದಿನಾಂಕ ಹಾಕಿದ. ಪ್ರಾಮಾಣಿಕತೆಯೇನೋ ಉಳಿಯಿತು. ಅದನ್ನು ಯಾವ ಅಂಗಡಿಯಲ್ಲೂ ಅಡವಿಟ್ಟುಕೊಳ್ಳುವುದಿಲ್ಲ.

ಸಂಜೆ ಲಕ್ಕಮ್ಮ ಎಲ್ಲ ಕೇಳಿ, ಊಟದ ಡಬ್ಬಿ ತೊಳೆಯುತ್ತ ಕುಳಿತಳು.

"ಹದಿನಾರು ವರ್ಸ ಈ ಡಬ್ಬಿ ಕಟ್ಟಿದ್ನಲ್ಲ, ಅದುನ್ನೂ ಅಳಿಸ್ಬುಟ್ರೇನ್ರೀ? ಒಂದ್ಸಲ ಆ ನಾಗಲಿಂಗಯ್ಯನ ಮುಂದೆ ಡಬ್ಬಿ ಇಟ್ಟು ಕೇಳ್ಬೇಕಿತ್ತು, ಇದ್ರೊಳಗಿನ ಮುದ್ದೆ ಯಾರು ತಿಂದ್ರು ಅಂತ."

"ಸುಮ್ನಿರೇ."

"ನಾನು ಸುಮ್ನೇ ಇದ್ದೀನಿ. ನೀವೇ ಮಾತಾಡೋ ದಿನ ಸುಮ್ನಿದ್ರಿ."

ಪಟ್ಟಿ ಹೊರಬಿತ್ತು. ಅವನ ಹೆಸರಿರಲಿಲ್ಲ. ಆದರೆ ಮಂಡಳಿ ಅವನನ್ನು ಮರೆತಿತ್ತು ಎಂದರೆ ತಪ್ಪಾದೀತು. ಇಂಥ ಅಚಾತುರ್ಯ ಮುಂದೆ ಆಗಕೂಡದೆಂದು ಏಳನೇ ಪಾಠವನ್ನು ಮತ್ತೆ ಸೇರಿಸಲು ಅಪ್ಪಣೆಯಾಯಿತು. "ಉದಾಹರಣೆ ಮನಸ್ಸಿಗೆ ನಾಟೋ ಹಂಗಿರ್ಲಿ," ಎಂದರು ನಾಗಲಿಂಗಯ್ಯ. ಗಂಗಹನುಮಯ್ಯ ಸಣ್ಣರಂಗಯ್ಯನನ್ನು ತೆಗೆದು ಆ ಜಾಗದಲ್ಲಿ ತನ್ನ ಹೆಸರು ಬರೆದ.

ಈಗ ಪ್ರತಿ ತಂಡದ ಹುಡುಗರೂ ಮೊದಲು ಬದು ಹಾಕದೆ ಹನುಮಯ್ಯನನ್ನು ಅಳಿಸುತ್ತಾರೆ, ಗಂಗಹನುಮಯ್ಯನೂ ಮಾಯವಾಗುತ್ತಾನೆ, ಎಲ್ಲರೂ ನಗುತ್ತಾರೆ. ಆಮೇಲೆ ಬದು ಹಾಕಿ ಅಳಿಸುತ್ತಾರೆ, ಅವನು ಉಳಿಯುತ್ತಾನೆ. ಹೋದ ತಿಂಗಳು ಸಿರಾದಿಂದ ಬಂದ ಹೊಸ ಹುಡುಗಿ ಸಹನಾ ಕೈಯೆತ್ತಿ ಕೇಳಿದಳು: "ಸಾರ್, ಈ ಗಂಗಹನುಮಯ್ಯ ಅನ್ನೋರು ನಿಜವಾಗ್ಲೂ ಇದ್ದಾರಾ?"

ಅವನು ಬೋರ್ಡು ಒರೆಸುತ್ತಲೇ ಹೇಳಿದ: "ಇಲ್ಲಮ್ಮ. ಉದಾಹರಣೆಗೆ ಅಂತ ಇಟ್ಕೊಂಡಿರೋದು."