ಬೋರಲು ಹೂವು

ಗೋಂದಕ್ಕ ಎಂದರೆ ಆ ಸಸ್ಯಸಂಗ್ರಹದ ಮೂರು ಅಂತಸ್ತಿಗೂ ಗೊತ್ತು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ನೆಲಮಾಳಿಗೆಯ ಉದ್ದನೆಯ ಮೇಜಿನ ಮುಂದೆ ಕುಳಿತವಳು, ಮೂವತ್ತೆರಡು ವರ್ಷ ಕಳೆದರೂ ಅಲ್ಲಿಂದ ಎದ್ದಿಲ್ಲ. ಬೆಟ್ಟ, ಕಾಡು, ಜೌಗು ಎಲ್ಲಿಂದಲೋ ಯಾರೋ ಕಿತ್ತು, ಹಳೇ ಪತ್ರಿಕೆಯ ನಡುವೆ ಒತ್ತಿ ಒಣಗಿಸಿ ತಂದ ಗಿಡಗಳನ್ನು ದಪ್ಪ ಬಿಳಿ ಹಾಳೆಗೆ ಅಂಟಿಸುವುದು ಅವಳ ಕೆಲಸ. ಎಲೆಗೆ ಗೋಂದು, ಗಟ್ಟಿ ಕಾಂಡಕ್ಕೆ ಸೂಜಿ ದಾರದ ಹೊಲಿಗೆ, ಅದರ ಮೇಲೆ ಮರಳು ತುಂಬಿದ ಪುಟ್ಟ ಚೀಲಗಳ ಭಾರ. ಕೇಳುವುದಕ್ಕೆ ನೀರು ಕುಡಿದಷ್ಟು ಸುಲಭ, ಮಾಡಿ ನೋಡಿದವರು ಮಾತ್ರ ಎರಡೇ ದಿನಕ್ಕೆ ಕೈ ಮುಗಿದು ಓಡಿದ್ದಾರೆ.

ಊರಿಗೆಲ್ಲ ಗಿಡ ಅಂಟಿಸುವವಳಿಗೆ ಒಂದು ಸಂಬಂಧವೂ ಅಂಟಲಿಲ್ಲವಲ್ಲ ಎಂದು ಮೇಲಿನ ಅಂತಸ್ತಿನವರು ಚೇಷ್ಟೆ ಮಾಡುತ್ತಿದ್ದ ಕಾಲವೊಂದಿತ್ತು. ಅವಳು ಅದಕ್ಕೆಲ್ಲ ತಲೆ ಕೆಡಿಸಿಕೊಂಡವಳಲ್ಲ. ಮನೆಯಲ್ಲಿ ತಾಯಿ ಇದ್ದಳು, ತಮ್ಮ ಇದ್ದ, ಅಷ್ಟು ಸಾಕಾಗಿತ್ತು. ತಮ್ಮನೂ ಅದೇ ಸಂಗ್ರಹದ ಆಳು, ಆದರೆ ಅವನದು ಬೆಟ್ಟದ ಪಾಲು. ಅವನು ಬೆಟ್ಟ ಹತ್ತಿ ಗಿಡ ಕಿತ್ತು ತರುವುದು, ಇವಳು ಕೂತು ಅಂಟಿಸುವುದು. ಹೀಗೆ ಅಕ್ಕ ತಮ್ಮ ಸೇರಿ ಅಲ್ಲಿನ ಅರ್ಧ ಕಪಾಟುಗಳನ್ನು ತುಂಬಿಸಿದ್ದರು.

ಇಂಥ ಅಚ್ಚುಕಟ್ಟಿನ ಹೆಂಗಸಿಗೆ ಒಂದು ಕೆಟ್ಟ ಚಾಳಿ ಇತ್ತು. ಹಾಳೆಯ ಮೇಲೆ ಎಷ್ಟು ಹೂವಿದ್ದರೂ ಒಂದನ್ನು ಬೋರಲಾಗಿ ಅಂಟಿಸಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಹೂವು ಯಾವ ಕುಲದ್ದು, ಯಾವ ಜಾತಿಯದು ಎಂಬುದರ ಗುಟ್ಟು ಎಷ್ಟೋ ಸಲ ಅದರ ಬೆನ್ನಿನಲ್ಲಿರುತ್ತದೆ. ಗೋಂದಕ್ಕನಿಗೆ ಅದು ಗೊತ್ತಿಲ್ಲ ಎಂದಲ್ಲ. ಹೂವಿನ ಮುಖವನ್ನು ಹಾಳೆಗೆ ಒತ್ತಲು ಅವಳಿಗೆ ಕೈಯೇ ಬರುತ್ತಿರಲಿಲ್ಲ. ಯಾರಾದರೂ ಮೂಗು ಮುರಿದಾಗ ಮಾತ್ರ ಒಂದೆರಡು ದಿನ ನಿಯಮದಂತೆ ನಡೆದು, ಮತ್ತೆ ಹಳೇ ದಾರಿ ಹಿಡಿಯುತ್ತಿದ್ದಳು. ಅವಳ ಹೂಗಳಿಗೆ ಬೆನ್ನೇ ಇಲ್ಲ ಎಂದು ತಮ್ಮ ನಗುತ್ತಿದ್ದ.

ಹೋದ ವರ್ಷ ಅವನು ಬೆಟ್ಟದ ನೆತ್ತಿಯಿಂದ ಒಂದು ಹಳದಿ ಹೂವಿನ ಗಿಡ ತಂದ. ಗೇಣುದ್ದದ ಗಿಡ, ಮೂರು ಹೂವು, ಹೂವಿಗೆ ಐದು ಎಸಳು. ಮೂರು ದಿನ ಅಲ್ಲಿ ಮಳೆಯಲ್ಲಿ ನೆನೆದು ಬಂದವನು ಜ್ವರದಲ್ಲಿ ಕೆಮ್ಮುತ್ತಲೇ ಬಾಗಿಲು ತಟ್ಟಿದ. ಬಟ್ಟೆ ಬದಲಿಸು ಎಂದು ತಾಯಿ ಗದರುತ್ತಿದ್ದರೂ ಕೇಳದೆ ಅಕ್ಕನನ್ನು ಕೂರಿಸಿಕೊಂಡು ತೋರಿಸತೊಡಗಿದ. ಬೆಟ್ಟದ ಮೇಲೆ ಐದೆಸಳಿನ ಹಳದಿ ಹೂವಿಗೇನು ಬರಗಾಲ, ಆದರೆ ಎಲೆಯ ತೊಟ್ಟಿನ ಬುಡದಲ್ಲಿ ಕಿವಿಯಂಥ ಎರಡು ಪುಟ್ಟ ಎಲೆಚೂರುಗಳಿದ್ದವು. ಹಾಗಾಗಿ ಇದು ಗುಲಾಬಿಯ ಕುಲ. ಆ ಕುಲದ ಇಂಥ ಬೆಟ್ಟದ ಹೂಗಳ ಬೆನ್ನಲ್ಲಿ ಐದು ಹಸಿರು ಎಸಳು, ಅವುಗಳ ಸಂದಿಯಲ್ಲಿ ಇನ್ನೂ ಐದು ಮರಿ ಎಸಳು ಇರಬೇಕು. ಇದರಲ್ಲಿ ಆ ಮರಿಗಳಿಲ್ಲ ಎಂದು ವಿವರಿಸಿದ.

"ಇದು ಯಾರೂ ನೋಡಿರದ ಹೂವು ಅಕ್ಕಾ. ಈ ಸಲವಾದ್ರೂ ಒಂದನ್ನ ಬೋರಲು ಹಾಕು. ಇದರ ಕಥೆಯೆಲ್ಲ ಬೆನ್ನಲ್ಲೇ ಇದೆ," ಎಂದ.

ಕೆಮ್ಮು ಎದೆಗಿಳಿಯಿತು. ಹನ್ನೊಂದನೇ ದಿನ ಅವನು ಹೋಗಿಬಿಟ್ಟ. ನಲವತ್ತೊಂದು ವಯಸ್ಸು.

ಹದಿನೈದು ದಿನ ಬಿಟ್ಟು ಕೆಲಸಕ್ಕೆ ಬಂದ ಗೋಂದಕ್ಕ ಮೊದಲು ತೆಗೆದುಕೊಂಡದ್ದೇ ಆ ಗಿಡವನ್ನು. ತಮ್ಮ ಹೇಳಿದ್ದು ಅವಳಿಗೆ ನೆನಪಿತ್ತು. ಮರೆತಿದ್ದಳು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅವನ ಕೊನೆಯ ಮೂರು ಹೂಗಳಲ್ಲಿ ಒಂದನ್ನು ಮುಖ ಅಡಿಯಾಗಿ ಮಲಗಿಸುವ ಧೈರ್ಯ ಆ ದಿನ ಅವಳಲ್ಲಿರಲಿಲ್ಲ. ಮೂರನ್ನೂ ಮೇಲ್ಮುಖವಾಗಿ, ಅತಿ ಚೆಂದವಾಗಿ ಅಂಟಿಸಿದಳು.

ಗಿಡಗಳನ್ನು ಗುರುತಿಸಿ ಚೀಟಿ ಬರೆಯುವ ಹಿರಿಯರೊಬ್ಬರು ಅಲ್ಲಿದ್ದರು. ಎಲ್ಲರೂ ಅವರನ್ನು ಹೆಸರು ಮೇಷ್ಟ್ರು ಎನ್ನುತ್ತಿದ್ದರು. ಅವರ ಮುಂದೆ ಸರದಿ ಬಹಳ ಉದ್ದ, ಆ ಹಾಳೆ ಅವರ ಕೈಗೆ ಬರಲು ಒಂದು ವರ್ಷವೇ ಹಿಡಿಯಿತು. ಆ ವರ್ಷವಿಡೀ ಮನೆಯಲ್ಲಿ ತಾಯಿಗೆ ಒಂದೇ ಜಪ. ಹಾಸಿಗೆ ಹಿಡಿದಿದ್ದ ಆಕೆ, ಹೊಸ ಹೂವಾದರೆ ಅದಕ್ಕೆ ಮಗನ ಹೆಸರಿಡುತ್ತಾರಂತೆ ಎಂದು ಬಂದವರಿಗೆಲ್ಲ ಹೇಳಿ ಮುಗಿಸಿದ್ದಳು. ಸಂಜೆ ಮಗಳು ಚಪ್ಪಲಿ ಬಿಡುವ ಸದ್ದಾದರೆ ಸಾಕು, ಹೂವಿಗೆ ಹೆಸರಾಯಿತಾ ಎಂಬ ಪ್ರಶ್ನೆ ಒಳಗಿನಿಂದ ಬರುತ್ತಿತ್ತು. ಮಗ ಹೋದ ಮೇಲೆ ಆಕೆ ಎರಡು ತುತ್ತು ತಿನ್ನುತ್ತಿದ್ದದ್ದು ಆ ಆಸೆಯ ಮೇಲೆಯೇ.

ಕೊನೆಗೊಂದು ದಿನ ಮೇಷ್ಟ್ರು ಹಾಳೆ ಹಿಡಿದು ನೆಲಮಾಳಿಗೆಗೆ ಇಳಿದು ಬಂದರು. ಬೈಯುವ ಸ್ವಭಾವದವರಲ್ಲ, ಆದರೂ ಅವರ ಮುಖ ಸಣ್ಣದಾಗಿತ್ತು. ನೋಡಿದರೆ ಇದು ಗುಡ್ಡದ ಹಳದಿಯ ಹಾಗೇ ಇದೆ, ಅದು ಬೆಟ್ಟದ ಬುಡದಲ್ಲಿ ಬಸ್ ನಿಲ್ಲುವ ತಿರುವಿನಿಂದ ನೆತ್ತಿಯವರೆಗೆ ಎಲ್ಲೆಂದರಲ್ಲಿ ಬೆಳೆಯುವ ಹೂವು ಎಂದರು. ಮರಿ ಎಸಳು ಇಲ್ಲದಿದ್ದರೆ ಮಾತ್ರ ಹೊಸದು.

"ಹೂವಿನ ಬೆನ್ನು ಕಾಣದೆ ನಾನು ಏನಂತ ಬರೀಲಮ್ಮ? ಒಂದು ಹೂವನ್ನ ಬಿಡಿಸಿ ಇಡು. ಊಟ ಮಾಡಿ ಬಂದು ನೋಡ್ತೀನಿ."

ಅವಳು ಬಾಗಿಲು ಮುಚ್ಚಿ ಕುಳಿತಳು. ಬಿಸಿನೀರಲ್ಲಿ ಹತ್ತಿ ಅದ್ದಿ ಮೊದಲ ಹೂವಿನ ಸುತ್ತ ಒತ್ತಿದಳು. ಅವಸರವಾಯಿತು. ಎಸಳುಗಳು ಚಿಮಟಕ್ಕೆ ಬಂದವು, ಬೆನ್ನೆಲ್ಲ ಹಾಳೆಯಲ್ಲೇ ಮೆತ್ತಿಕೊಂಡು ಹಿಟ್ಟಾಯಿತು. ಎರಡನೆಯದಕ್ಕೆ ಕಾಲು ಗಂಟೆ ಕಾದಳು. ಅದು ಇಡಿಯಾಗಿ ಎದ್ದು ಬಂತು. ಗಾಜಿನ ತಟ್ಟೆಯಲ್ಲಿ ಬೋರಲು ಹಾಕಿ ಮಸೂರದ ಕೆಳಗೆ ತಳ್ಳಿದಳು.

ಐದು ಹಸಿರು ಎಸಳು ಮಾತ್ರ ಕಂಡವು. ಸಂದಿಯಲ್ಲಿ ಏನೂ ಇಲ್ಲ. ತಮ್ಮ ಹೇಳಿದ್ದು ನಿಜ. ಒಂದು ವರ್ಷದ ಮೇಲೆ ಅವಳಿಗೆ ಮೊದಲ ಸಲ ಉಸಿರು ಹಗುರವಾಯಿತು. ಅಮ್ಮನಿಗೆ ಹೇಗೆ ಹೇಳಲಿ ಎಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದಳು. ಅಷ್ಟರಲ್ಲಿ ನೀರು ಕುಡಿದ ಹೂವಿನಲ್ಲಿ ಏನೋ ಅಲುಗಿತು. ದೊಡ್ಡ ಎಸಳಿನ ಬೆನ್ನಿಗೆ ಕಚ್ಚಿಕೊಂಡಿದ್ದ ನೂಲಿನಷ್ಟು ತೆಳುವಾದದ್ದೊಂದು ಬಿಡಿಸಿಕೊಂಡು ಸಂದಿಗೆ ಸರಿಯಿತು. ಆಮೇಲೆ ಇನ್ನೊಂದು. ನೋಡುನೋಡುತ್ತಿದ್ದಂತೆ ಐದೂ ಮರಿಗಳು ತಮ್ಮ ತಮ್ಮ ಜಾಗಕ್ಕೆ ಬಂದವು. ಆ ಚಳಿ, ಆ ಮಳೆ, ಆ ಜ್ವರದಲ್ಲಿ ತಮ್ಮನ ಕಣ್ಣಿಗೆ ಅವು ಕಂಡಿರಲಿಲ್ಲ.

ಸೂಜಿ ಕೈಯಲ್ಲೇ ಇತ್ತು. ಐದು ಸಲ ಸೋಕಿಸಿದರೆ ಕೆಲಸ ಮುಗಿಯುತ್ತಿತ್ತು. ಒಣಗಿದ ಗಿಡದಲ್ಲಿ ಚೂರು ಉದುರುವುದು ಯಾವ ದೊಡ್ಡ ಮಾತು, ಮೇಷ್ಟ್ರು ತಿರುಗಿ ಕೇಳುತ್ತಲೂ ಇರಲಿಲ್ಲ. ಚೀಟಿಯ ಮೇಲೆ ತಮ್ಮನ ಹೆಸರು ಬರುತ್ತಿತ್ತು, ಅಮ್ಮ ಇನ್ನಷ್ಟು ದಿನ ಎರಡು ತುತ್ತು ತಿನ್ನುತ್ತಿದ್ದಳು. ಸೂಜಿಯ ಮೊನೆ ಮೊದಲ ಮರಿಯ ಬುಡಕ್ಕೆ ತಾಗಿಯೂ ತಾಗಿತು. ಆಗ ಅವಳಿಗೆ ಹಳೆಯದೊಂದು ನೆನಪಾಯಿತು. ಬೋಳಾಗಿ ಕಾಣುತ್ತಿದ್ದ ಗಿಡಕ್ಕೆ ಬೇರೊಂದರ ಎಲೆ ಸೇರಿಸಿ ಅಂಟಿಸಿದ್ದಕ್ಕೆ ತಮ್ಮ ಎಂಟು ದಿನ ಅವಳೊಡನೆ ಮಾತು ಬಿಟ್ಟಿದ್ದ. ಅವರಿಬ್ಬರ ನಡುವೆ ನಡೆದಿದ್ದ ಜಗಳ ಅದೊಂದೇ. ಸೂಜಿ ಕೆಳಗಿಟ್ಟು, ಮೇಜಿಗೆ ಹಣೆ ಒತ್ತಿ ಅತ್ತಳು.

ಮೇಷ್ಟ್ರು ಬಂದಾಗ ಅವಳೇ ತಟ್ಟೆಯನ್ನು ಮುಂದೆ ಸರಿಸಿದಳು.

"ಐದೂ ಇವೆ," ಎಂದಳು.

ಅವರು ಮಸೂರದಲ್ಲಿ ನೋಡಿ, ಗುಡ್ಡದ ಹಳದಿ ಎಂದು ಚೀಟಿ ಬರೆದರು. ಅದರ ಕೆಳಗೆ, ಕಿತ್ತು ತಂದವರು ಎಂಬಲ್ಲಿ ಮಾತ್ರ ತಮ್ಮನ ಹೆಸರು ಸಣ್ಣ ಅಕ್ಷರದಲ್ಲಿ ಬಂತು. ಗೋಂದಕ್ಕ ಆ ಹೂವನ್ನು ಮತ್ತೆ ಹಾಳೆಗೆ ಅಂಟಿಸಿದಳು, ಬೋರಲಾಗಿ. ಹಾಳೆಯನ್ನು ಕಪಾಟಿನಲ್ಲಿ ಅಂಥವೇ ಇನ್ನೂರು ಹಾಳೆಗಳ ಅಡಿಯಲ್ಲಿಟ್ಟಳು.

ಸಂಜೆ ಚಪ್ಪಲಿ ಬಿಡುತ್ತಿದ್ದಂತೆ ಒಳಗಿನಿಂದ ಅದೇ ಪ್ರಶ್ನೆ ಬಂತು. ಇವಳು ಹಾಸಿಗೆಯ ಅಂಚಿನಲ್ಲಿ ಕುಳಿತು, ಹೆಸರು ಮೊದಲೇ ಇತ್ತಂತೆ, ಅದು ಮಾಮೂಲಿ ಹೂವಂತೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಾಯಿ ಅಳಲಿಲ್ಲ. ತುಂಬ ಹೊತ್ತು ಮಗಳ ಬೆರಳಲ್ಲಿ ಒಣಗಿದ್ದ ಗೋಂದನ್ನು ಉಗುರಿನಿಂದ ಕೆರೆಯುತ್ತಾ ಇದ್ದಳು.

"ಹಾಗಾದ್ರೆ ಅದು ಬೆಟ್ಟದ ಕೆಳಗೂ ಸಿಗ್ತಿತ್ತಾ?"

"ಸಿಗ್ತಿತ್ತಮ್ಮ. ಬಸ್ ನಿಲ್ಲೋ ಕಡೆನೇ ಇತ್ತಂತೆ."

ತಾಯಿ ಅವಳ ಕೈ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ದಿನ ಆಕೆಯ ಊಟದ ತಟ್ಟೆ ಹಾಗೇ ಉಳಿಯಿತು.