ಮಾಯ್ ಹೇಳಿಕೊಂಡ ಹರಕೆ

ಪುತ್ತೂರಿನ ನಮ್ಮ ಮನೆಯ ಗೇಟಿನ ಹೊರಗೆ ವಾರಕ್ಕೆರಡು ದಿನ ಇಸ್ತ್ರಿಯವನೊಬ್ಬ ತಳ್ಳುಗಾಡಿ ತಂದು ನಿಲ್ಲಿಸುತ್ತಾನೆ. ಅವನದು ಈಗಲೂ ಕೆಂಡದ ಪೆಟ್ಟಿಗೆ. ಮೊನ್ನೆ ಯಾರದೋ ಗಂಜಿ ಹಾಕಿದ ಹತ್ತಿ ಸೀರೆಗೆ ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದ. ಚುಂಯ್ ಎಂದು ಎದ್ದ ಹಬೆಯಲ್ಲಿ ಅನ್ನ ತಳ ಹಿಡಿಯುವ ಮೊದಲಿನ ವಾಸನೆ, ಅದರೊಳಗೆ ಸ್ವಲ್ಪ ಬಿಸಿಲು, ಸ್ವಲ್ಪ ಹೊಗೆ. ತರಕಾರಿ ಚೀಲ ಹಿಡಿದವಳು ನಿಂತಲ್ಲೇ ನಿಂತುಬಿಟ್ಟೆ. "ಎಂತ ಅಕ್ಕ, ಬಟ್ಟೆ ಉಂಟಾ?" ಎಂದು ಅವನು ಎರಡು ಸಲ ಕೇಳಿದ ಮೇಲೆಯೇ ನನಗೆ ಎಚ್ಚರ. ನಿಮಗೂ ಹೀಗಾಗುವುದುಂಟಲ್ಲ, ಕಾಲು ಇಲ್ಲೇ ಇರುತ್ತದೆ, ಮೂಗು ಮಾತ್ರ ಯಾವತ್ತೋ ಬಿಟ್ಟುಬಂದ ಮನೆಯ ಅಂಗಳ ತಲುಪಿರುತ್ತದೆ.

ಆ ಮನೆ ಇದ್ದದ್ದು ಕಡಬದಿಂದ ಇಚಿಲಂಪಾಡಿ ಕಡೆಗೆ ಹೋಗುವ ದಾರಿಯಲ್ಲಿ, ಇಗರ್ಜಿಯ, ಅಂದರೆ ಚರ್ಚಿನ, ಗುಡ್ಡದ ಬುಡದಲ್ಲಿ. ಮುರಕಲ್ಲಿನ ಗೋಡೆ, ಎದುರಿನ ಭಾಗಕ್ಕೆ ಮಾತ್ರ ಸುಣ್ಣ. ಪಪ್ಪ ಕಡಬ–ಸುಬ್ರಹ್ಮಣ್ಯದ ನಡುವೆ ಸರ್ವಿಸ್ ಜೀಪು ಓಡಿಸುತ್ತಿದ್ದರು. ಹತ್ತು ಜನ ಕೂರುವಲ್ಲಿ ಹದಿನೆಂಟು ಜನರನ್ನು ಹೇಗೆ ಕೂರಿಸುವುದೆಂದು ಊಟದ ತಟ್ಟೆಯಲ್ಲಿ ಮೀನಿನ ಮುಳ್ಳು ಜೋಡಿಸಿ ತೋರಿಸುತ್ತಿದ್ದರು. ಮಾಯ್, ಅಂದರೆ ನನ್ನ ಅಮ್ಮ, ಇಗರ್ಜಿಯ ಬಲಿಪೀಠದ ಬಟ್ಟೆಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುವವಳು. ನಾವು ಉಣ್ಣುತ್ತಿದ್ದುದು ಕುಚ್ಚಲಕ್ಕಿ. ಅದರ ಗಂಜಿತೆಳಿ ಕೆಂಪು. ಬಿಳಿ ಬಟ್ಟೆಗೆ ಆಗದು. ಹಾಗಾಗಿ ಶುಕ್ರವಾರ ಅವಳು ಒಂದು ಹಿಡಿ ಬೆಳ್ತಿಗೆ ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ಕರಗುವಷ್ಟು ಬೇಯಿಸಿ, ಸೋಸಿ, ನೀಲಿಯ ಒಂದೇ ಒಂದು ಹನಿ ಬಿಡುತ್ತಿದ್ದಳು. ಪೂಜೆಯ ಪವಿತ್ರ ಪಾತ್ರೆ ಒರೆಸಿದ ಸಣ್ಣ ಬಟ್ಟೆಗಳ ಮೊದಲ ನೀರನ್ನು ಯಾರೂ ತುಳಿಯುವಲ್ಲಿ ಚೆಲ್ಲುವಂತಿರಲಿಲ್ಲ. ಅದನ್ನು ಅಬ್ಬಲಿಗೆ ಗಿಡದ ಬುಡಕ್ಕೆ ಹೊಯ್ಯಬೇಕು. ಆ ಗಿಡ ಮಾತ್ರ ವರ್ಷವಿಡೀ ಹೂ ಬಿಡುತ್ತಿತ್ತು. ಅದರ ಹೂವನ್ನು ನಾನು ಮುಡಿಯುವಂತಿರಲಿಲ್ಲ.

ಯಾಕೆಂದರೆ ನಾನು ದೇವರಿಗೆ ಹೇಳಿದವಳು. ನನಗಿಂತ ಮೊದಲು ಹುಟ್ಟಿದ ಇಬ್ಬರನ್ನು ಮಾಯ್ ಇಗರ್ಜಿಯ ಹಿಂದಿನ ಸಮಾಧಿ ಭೂಮಿಯಲ್ಲಿ ಮಲಗಿಸಿ ಬಂದಿದ್ದಳು. ಮೂರು ವರ್ಷದವಳಿದ್ದಾಗ ನನಗೂ ಜ್ವರ ತಲೆಗೇರಿ ಕಣ್ಣು ಮೇಲಾಯಿತಂತೆ. ಡಾಕ್ಟರು ಕೈ ಬಿಟ್ಟರು ಎಂದಾದಾಗ ಮಾಯ್ ಬಲಿಪೀಠದ ಮುಂದೆ ಸೆರಗು ಒಡ್ಡಿ, "ಇದೊಂದನ್ನು ಉಳಿಸಿಕೊಡು, ನಿನಗೇ ಕೊಡ್ತೇನೆ, ಕಾನ್ವೆಂಟಿಗೆ ಹಾಕ್ತೇನೆ" ಎಂದು ಹರಕೆ ಹೇಳಿಕೊಂಡಳು. ಮಾರನೇ ದಿನ ನಾನು ನೀರು ಕೇಳಿದೆನಂತೆ. ಅಂದಿನಿಂದ ನಾನು ಉಂಡದ್ದು, ಉಟ್ಟದ್ದು, ಬೆಳೆದದ್ದು ಎಲ್ಲವೂ ಆ ಮಾತಿನ ಒಳಗೆ. ಸಿಸ್ಟರುಗಳಿಗೆ ಕಿವಿಯೋಲೆ ಇಲ್ಲ, ಆದ್ದರಿಂದ ನನ್ನ ಕಿವಿ ಚುಚ್ಚಿಸಲಿಲ್ಲ. ನಮ್ಮೂರಲ್ಲಿ ಕಿವಿ ಬೋಳಾಗಿದ್ದ ಹುಡುಗಿ ನಾನೊಬ್ಬಳೇ. ಹೊಸಬರು "ಹುಡುಗನಾ, ಹುಡುಗಿಯಾ?" ಎಂದು ಕೇಳುತ್ತಿದ್ದರು.

ಪಕ್ಕದ ಮನೆಯ ದೇವಕಿಯಕ್ಕನಿಗೆ ಇದನ್ನು ಕಂಡರಾಗದು. ಗೌಡರ ಹೆಂಗಸು, ತನ್ನ ಮನೆಯಲ್ಲಿ ಅರೆಭಾಷೆ, ನಮ್ಮೊಟ್ಟಿಗೆ ಕನ್ನಡ. ಬೇಲಿಯಾಚೆಯಿಂದಲೇ ಶುರು ಮಾಡುತ್ತಿದ್ದರು.

"ಎಂತ ಸೆವ್ರಿನ್ ಬಾಯಿ, ಹುಡುಗಿಯ ಕಿವಿಗೆ ಒಂದು ಬೇವಿನ ಕಡ್ಡಿಯಾದ್ರೂ ಬೇಡವಾ ಮಾರಾಯ್ರೆ?"

"ಅವಳು ದೇವರವಳು ದೇವಕಿಯಕ್ಕ, ನಿಮಗೆ ಗೊತ್ತುಂಟಲ್ಲ."

"ನಾವು ಸುಬ್ರಹ್ಮಣ್ಯಕ್ಕೆ ಹರಕೆ ಹೇಳಿದ್ರೆ ಬೆಳ್ಳಿಯ ನಾಗ ಕೊಡುದು. ನೀವು ಎಂತ, ಮಗಳನ್ನೇ ಕೊಡುದಾ! ನಿಮ್ಮ ದೇವರಿಗೆ ಬೆಳ್ಳಿ ಆಗುದಿಲ್ವಾ?"

ಮಾಯ್ ನಗುತ್ತಿದ್ದಳು, ಆದರೆ ಒಳಗೆ ಬಂದವಳೇ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು. ನಾನು ಎಂಟು ವರ್ಷದವಳಿದ್ದಾಗ ಒಮ್ಮೆ ಕೇಳಿದೆ, "ನಾನು ಹೋಗುದಿಲ್ಲ ಅಂತ ಹೇಳಿದ್ರೆ?" ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ನೀನು ಬದುಕಿದ್ದೇ ಆ ಮಾತಿನ ಮೇಲೆ ಬಾಯೆ" ಎಂದಳು, ಅಷ್ಟೇ. ಗದರಿದ್ದರೆ ಮರೆಯುತ್ತಿದ್ದೆನೇನೋ. ಅಂದಿನಿಂದ ಮೈ ಸ್ವಲ್ಪ ಬಿಸಿಯಾದರೆ ಸಾಕು, ನನ್ನ ಮನಸ್ಸಿನೊಳಗಿನ 'ಹೋಗುದಿಲ್ಲ' ಎಂಬ ಮಾತು ಮೇಲಕ್ಕೆ ಕೇಳಿಸಿಬಿಟ್ಟಿತು, ದೇವರು ಕೊಟ್ಟ ಉಸಿರನ್ನು ವಾಪಸು ಕೇಳಲು ಬಂದರು ಎಂದು ಕಂಬಳಿಯೊಳಗೆ ಮುದುಡುತ್ತಿದ್ದೆ. 'ಹೋಗ್ತೇನೆ, ಹೋಗ್ತೇನೆ' ಎಂದು ಬಾಯಿಯೊಳಗೇ ಹೇಳಿಕೊಳ್ಳುತ್ತಿದ್ದೆ. ಜ್ವರ ಇಳಿಯುತ್ತಿತ್ತು. ಅದು ಇನ್ನೂ ದೊಡ್ಡ ಹೆದರಿಕೆ.

ಆರನೇ ಕ್ಲಾಸಿಗೆ ಪುತ್ತೂರಿನ ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದರು. ಸಿಸ್ಟರುಗಳು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಒಳ್ಳೆಯವರು. ಕಸೂತಿ ಕಲಿಸಿದರು, ತಲೆಗೆ ಎಣ್ಣೆ ಹಚ್ಚಿದರು, ಜ್ವರ ಬಂದರೆ ಪಕ್ಕದಲ್ಲಿ ಕುಳಿತರು. "ನಮ್ಮವಳಲ್ಲವಾ ನೀನು" ಎಂದು ಕೆನ್ನೆ ಹಿಂಡುತ್ತಿದ್ದರು. ಆ ಪ್ರೀತಿಯಲ್ಲಿ ಒಂದು ಬಿರುಕೂ ಇರಲಿಲ್ಲ, ಹೊರಗೆ ಹೋಗಲಿಕ್ಕೆ. ಪ್ರಾರ್ಥನೆ ನನಗೆ ಇಷ್ಟವೇ ಆಗಿತ್ತು, ಈಗಲೂ ಇಷ್ಟ. ಆದರೆ ನನ್ನ ಆಸೆ ಬೇರೆ, ಅದೂ ಎಷ್ಟು ಸಣ್ಣದೆಂದರೆ ಹೇಳಲು ನಾಚಿಕೆ. ನನ್ನದೇ ಒಂದು ಅಡುಗೆ ಕೋಣೆ, ಅದರ ಬಾಗಿಲಿಗೆ ನಾನೇ ಹೊಲಿದ ಪರದೆ, ಸೊಂಟದಲ್ಲೊಂದು ಮಗು, ಕಿವಿಯಲ್ಲಿ ಎರಡು ಸಣ್ಣ ಹೂವು. ಇಷ್ಟನ್ನು ಆಸೆಪಟ್ಟದ್ದಕ್ಕೆ ಸಾಯಬೇಕಾಗುತ್ತದಲ್ಲ ಎಂದು ಅಳುತ್ತಿದ್ದೆ.

ಹತ್ತನೆಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ, ಸಿಸ್ಟರಾಗುವವರನ್ನು ತಯಾರು ಮಾಡುವ ಮಂಗಳೂರಿನ ಕಾನ್ವೆಂಟಿನಿಂದ ಪತ್ರ ಬಂತು: ಜೂನ್‌ನಲ್ಲಿ ಕರೆದುಕೊಂಡು ಬನ್ನಿ, ಎರಡು ಬಿಳಿ ಹೊದಿಕೆ, ಒಂದು ಸ್ಟೀಲಿನ ತಟ್ಟೆ, ಒಂದು ಟ್ರಂಕು. ಟ್ರಂಕನ್ನು ಪಪ್ಪ ಜೀಪಿನಲ್ಲೇ ತಂದರು. ದಾರಿಯಲ್ಲಿ ಯಾರೋ ಯಾತ್ರಿಕರು, "ಇದರಲ್ಲಿ ಎಂತ ಉಂಟು ಡ್ರೈವರೇ, ಇಷ್ಟು ಜಾಗ ತಿನ್ನುದು?" ಎಂದು ಕೇಳಿದರಂತೆ. "ನನ್ನ ಮಗಳು" ಎಂದರಂತೆ ಪಪ್ಪ. ಮನೆಗೆ ಬಂದು ಅದನ್ನು ನಗುತ್ತಾ ಹೇಳಿದರು. ನಾವು ನಗಲಿಲ್ಲ. ಅವರೂ ಅರ್ಧಕ್ಕೆ ನಿಲ್ಲಿಸಿ ಜೀಪು ತೊಳೆಯಲು ಹೋದರು. ಮಾಯ್ ನನ್ನ ಒಂದೊಂದು ಬಟ್ಟೆಯ ಮೂಲೆಯಲ್ಲೂ ಕೆಂಪು ನೂಲಿನಿಂದ ಹೆಸರು ಹೊಲಿಯುತ್ತಾ ಕುಳಿತಳು.

ಆ ಶನಿವಾರ ನಾನು ಪಾಪನಿವೇದನೆಗೆ ಹೋದೆ. ಇಗರ್ಜಿಯ ಫಾದರ್ ವಯಸ್ಸಾದವರು, ಬೀಡಿ ಸೇದಿ ಸ್ವರ ಒಡೆದಿತ್ತು. ಜಾಲರಿಯ ಈಚೆಯಿಂದ ಹೇಳಿದೆ, ನನಗೆ ಹೋಗಲು ಮನಸ್ಸಿಲ್ಲ, ಇದು ನನ್ನ ಪಾಪ ಎಂದು. "ಇದು ಪಾಪ ಅಲ್ಲ ಬಾಯೆ. ಆದ್ರೆ ಇಲ್ಲಿ ಹೇಳಿದ್ದನ್ನು ನಾನು ಹೊರಗೆ ಬಾಯಿ ಬಿಡುವ ಹಾಗಿಲ್ಲ. ನೀನೇ ಹೊರಗೆ ಹೇಳು. ನಾನು ಇರ್ತೇನೆ" ಎಂದರು.

ಮುಂದಿನ ಶನಿವಾರ ಮಧ್ಯಾಹ್ನ ಇಸ್ತ್ರಿಯಾದ ಬಟ್ಟೆಗಳ ಬುಟ್ಟಿ ಹಿಡಿದು ಮಾಯ್ ಮತ್ತು ನಾನು ಬಲಿಪೀಠದ ಹಿಂದಿನ ಕೋಣೆಗೆ ಹೋದೆವು. ಯಾವತ್ತೂ "ಅಲ್ಲಿ ಇಡಿ" ಎಂದು ಹೋಗುವ ಫಾದರ್ ಅವತ್ತು ಒಂದೊಂದೇ ಬಟ್ಟೆ ಬಿಡಿಸಿ, ಬೆಳಕಿಗೆ ಹಿಡಿದು, ಪುನಃ ಮಡಚತೊಡಗಿದರು. ಮಡಿಕೆಯೆಲ್ಲ ಹಾಳಾಗುತ್ತಿತ್ತು. ಮಾಯ್‌ಗೆ ಸಂಕಟ. "ಎಂತ ಫಾದರ್, ಕಲೆ ಉಂಟಾ?" ಎಂದಳು. "ಇಲ್ಲ, ಇಲ್ಲ" ಎನ್ನುತ್ತಾ ಅವರು ಇನ್ನೊಂದನ್ನು ಬಿಡಿಸಿದರು. ಅವರು ಹೊತ್ತು ಕಳೆಯುತ್ತಿರುವುದು ನನಗಾಗಿ ಎಂದು ನನಗೆ ತಿಳಿಯಿತು. ಬುಟ್ಟಿ ಖಾಲಿಯಾಗುತ್ತಾ ಬಂತು. ಕೊನೆಯ ಬಟ್ಟೆಗೆ ಕೈ ಹಾಕಿದಾಗ ನಾನು ಹೇಳಿಬಿಟ್ಟೆ.

"ನನಗೆ ಮಂಗಳೂರಿಗೆ ಹೋಗ್ಲಿಕ್ಕೆ ಮನಸ್ಸಿಲ್ಲ ಮಾಯ್."

ಅವಳು ಸಿಟ್ಟಾಗಲಿಲ್ಲ. ಬಲಿಪೀಠದ ಕಡೆಯ ಬಾಗಿಲು ನೋಡಿದಳು. ಓಡಿಹೋಗಿ ಅದನ್ನು ಮುಚ್ಚಿ ಬಂದಳು. "ಮೆಲ್ಲ! ಇಲ್ಲಿ ಹೇಳ್ಬೇಡ. ಕೇಳಿಸ್ತದೆ" ಎಂದಳು, ಬಿಳಿಚಿದ ಮುಖದಲ್ಲಿ.

"ದೇವರಿಗೆ ಮೊದಲೇ ಗೊತ್ತುಂಟು ಸೆವ್ರಿನ್ ಬಾಯಿ" ಎಂದರು ಫಾದರ್. "ಗೊತ್ತಿಲ್ಲದ್ದು ನಿಮಗೆ ಮಾತ್ರ."

"ನಾನು ಹರಕೆ ಹೇಳಿಯಾಗಿದೆ ಫಾದರ್. ಇವಳು ಹೋಗದಿದ್ರೆ... ಇವಳಿಗೆ ಎಂತಾದ್ರೂ ಆದ್ರೆ?"

"ಹರಕೆ ಹೇಳಿದವರು ತಮ್ಮದನ್ನು ಕೊಡ್ಬಹುದು. ಇವಳು ನಿಮ್ಮವಳಾ ಕೊಡ್ಲಿಕ್ಕೆ? ನಿಮಗೆ ಬೇಕಾದ್ರೆ ನೀವು ಹೋಗಿ ಕಾನ್ವೆಂಟಿಗೆ! ನಾನು ನಿಮ್ಮ ಗಂಡ ಲೊರೆಸನಿಗೆ ಹೇಳ್ತೇನೆ, ಜೀಪಿನಲ್ಲಿ ಬಿಟ್ಟು ಬರ್ಲಿ." ಮಾಯ್ ನಗಲಿಲ್ಲ. ಅವರು ಸ್ವರ ತಗ್ಗಿಸಿದರು. "ಕೊಟ್ಟದ್ದನ್ನು ಜಗಳವಾಡಿ ವಾಪಸು ತೆಗೆದುಕೊಳ್ಳಲಿಕ್ಕೆ ದೇವರೆಂತ ಸಣ್ಣ ಮಕ್ಕಳಾ? ಇಷ್ಟು ವರ್ಷ ಅವರ ಬಟ್ಟೆ ತೊಳೆದಿದ್ದೀರಿ. ಅವರನ್ನು ಇಷ್ಟೇನಾ ನೀವು ನಂಬಿದ್ದು?"

ಗುಡ್ಡ ಇಳಿಯುವಾಗ ಅವಳು ಖಾಲಿ ಬುಟ್ಟಿ ಹಿಡಿದು ನನಗಿಂತ ಮುಂದೆ ನಡೆದಳು, ರಾತ್ರಿ ಪಪ್ಪನಿಗೆ ಎಲ್ಲ ಹೇಳಿದಳು. ಮಾರನೇ ದಿನ ಪಪ್ಪ ಯಾರನ್ನೂ ಕೇಳದೆ ಟ್ರಂಕಿಗೆ ಜೀಪಿನ ಸ್ಪಾನರುಗಳನ್ನೂ ಗ್ರೀಸಿನ ಡಬ್ಬಿಯನ್ನೂ ತುಂಬಿಸಿಟ್ಟರು.

ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಜೂನ್‌ನಲ್ಲಿ, ನಾನು ಮಂಗಳೂರಿನಲ್ಲಿ ಇರಬೇಕಾಗಿದ್ದ ಅದೇ ವಾರ, ನನಗೆ ಜ್ವರ ಬಂತು. ನಾಲ್ಕನೆಯ ದಿನ ಇಳಿಯಲಿಲ್ಲ, ಆರನೆಯ ದಿನ ಮಾತು ತೊದಲಿತು. ಪುತ್ತೂರಿನ ಆಸ್ಪತ್ರೆಗೆ ಸೇರಿಸಿದರು. ಟೈಫಾಯ್ಡು ಎಂದರು. ಮಾಯ್ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದರೆ ಇಬ್ಬರಿಗೂ ಗೊತ್ತಿದ್ದದ್ದು ಬಾಯಿಗೆ ಬರುತ್ತಿತ್ತು. ಒಂದು ಮಧ್ಯಾಹ್ನ ನಾನು ನಿದ್ದೆಯಲ್ಲಿದ್ದೇನೆಂದು ತಿಳಿದು ಅವಳು ಮಂಚದ ಬದಿಯಲ್ಲಿ ಮೊಣಕಾಲೂರಿದಳು. ನಾನು ರೆಪ್ಪೆಯ ಸಂದಿನಿಂದ ನೋಡುತ್ತಿದ್ದೆ. ಅವಳ ತುಟಿ ಅಲುಗಿತು. ಈಗ ಪುನಃ ನನ್ನನ್ನು ಕೊಡುತ್ತಾಳೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಕೊಟ್ಟು ಬಿಡಲಿ, ಬದುಕಿದರೆ ಸಾಕು ಎಂದೂ ಆಸೆಪಟ್ಟೆ. ಸೆರಗು ಒಡ್ಡಲು ಎತ್ತಿದವಳು ಅರ್ಧದಲ್ಲಿ ನಿಂತಳು. ಆ ಸೆರಗನ್ನು ಎರಡೂ ಕೈಯಲ್ಲಿ ಮುದ್ದೆ ಮಾಡಿ ಹಿಡಿದಳು. "ಈ ಸರ್ತಿ ಎಂತದೂ ಕೊಡ್ತೇನೆ ಅಂತ ಹೇಳುದಿಲ್ಲ" ಎಂದಳು, ಯಾರೊಡನೆಯೋ ವಾದಿಸುವ ಹಾಗೆ. "ಇವಳು ನಿನ್ನವಳು. ನನಗೆ ಹೆದರಿಕೆ ಆಗ್ತದೆ. ನೋಡಿಕೋ. ಅಷ್ಟೇ." ಹೇಳಿ ಮುಗಿಸಿದ ಮೇಲೆ ಅವಳ ಭುಜ ಎಷ್ಟು ನಡುಗಿತೆಂದರೆ ಮಂಚದ ಕಬ್ಬಿಣ ಸದ್ದು ಮಾಡಿತು. ನಾನು ಅಷ್ಟು ದೊಡ್ಡ ಪ್ರಾರ್ಥನೆಯನ್ನು ಆಮೇಲೆ ಯಾವ ಇಗರ್ಜಿಯಲ್ಲೂ ಕೇಳಿಲ್ಲ.

ಜ್ವರ ಬಿಡಲು ಮತ್ತೆ ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನವೂ ಅವಳು ಮಾತು ಬದಲಿಸಲಿಲ್ಲ. ಮನೆಗೆ ಬಂದ ತಿಂಗಳಿಗೆ ಕಡಬದ ಆಚಾರಿಯ ಅಂಗಡಿಗೆ ಕರೆದುಕೊಂಡು ಹೋಗಿ ಕಿವಿ ಚುಚ್ಚಿಸಿದಳು. ಹದಿನಾರು ವರ್ಷದವಳು ಮಗುವಿನ ಹಾಗೆ ಅತ್ತೆ. "ಅಬ್ಬ, ಈಗ ಹುಡುಗಿ ಅಂತ ಗೊತ್ತಾಗ್ತದೆ" ಎಂದರು ದೇವಕಿಯಕ್ಕ ಬೇಲಿಯಾಚೆಯಿಂದ.

ಆದರೆ ಹೆದರಿಕೆ ಒಂದೇ ಪ್ರಾರ್ಥನೆಗೆ ಹೋಗುವಂಥದ್ದಲ್ಲ. ನನಗೆ ಪುತ್ತೂರಿಗೆ ಮದುವೆಯಾಯಿತು, ನನ್ನದೇ ಅಡುಗೆ ಕೋಣೆ ಬಂತು, ಇಬ್ಬರು ಹೆಣ್ಣುಮಕ್ಕಳಾದರು. ಮಾಯ್ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಬಂದು ಫೋನ್ ಮಾಡುತ್ತಿದ್ದಳು. ಮೊದಲ ಮಾತು, "ಹುಷಾರಿದ್ದೀಯಾ?" ಸಾಧಾರಣ ಕೇಳುವ ಮಾತಲ್ಲ ಅದು. ನನ್ನ ಸ್ವರ ಸ್ವಲ್ಪ ಕಟ್ಟಿದ್ದರೂ ಆಚೆ ಕಡೆ ಅವಳು ಉಸಿರು ಹಿಡಿಯುವುದು ಕೇಳಿಸುತ್ತಿತ್ತು. ಆಮೇಲೆ, "ಇರ್ಲಿ, ಅವರು ನೋಡಿಕೊಳ್ತಾರೆ" ಎಂದು ನನಗಲ್ಲ, ತನಗೇ ಹೇಳಿಕೊಳ್ಳುವಳು. ದಿನಾ ಒಮ್ಮೆ ಹೆದರುವುದು, ದಿನಾ ಒಮ್ಮೆ ನಂಬುವುದು. ಮೂವತ್ತು ವರ್ಷ. ನಾನು ಫೋನ್ ಎತ್ತುವ ಮೊದಲು ಮೂಗು ಸೀಟಿ, ಗಂಟಲು ಸರಿ ಮಾಡಿಕೊಳ್ಳುವುದನ್ನು ಕಲಿತೆ.

ಪಪ್ಪ ಹೋದರು. ಜೀಪುಗಳ ಕಾಲವೂ ಹೋಯಿತು. ಮನೆಯಿದ್ದಲ್ಲಿ ಈಗ ಯಾರದೋ ರಬ್ಬರ್ ಶೀಟು ಒಣಗಿಸುವ ಶೆಡ್ಡು. ಹೋದ ವರ್ಷ ಮಾಯ್ ಹಾಸಿಗೆ ಹಿಡಿದಳು. ಮೂತ್ರಪಿಂಡ ಎರಡೂ ಸೋತಿವೆ ಎಂದು ಡಾಕ್ಟರು ಹೇಳಿದ ದಿನ ನಾನು ಆಸ್ಪತ್ರೆಯ ಪ್ರಾರ್ಥನಾ ಕೋಣೆಯಲ್ಲಿ ಮೊಣಕಾಲೂರಿದೆ. 'ಇವಳನ್ನು ಉಳಿಸಿಕೊಡು, ನಾನು...' ಎನ್ನುವವರೆಗೆ ಬಾಯಿ ಬಂದಿತ್ತು. ಅದರ ಮುಂದೆ ಯಾರ ಹೆಸರು ನಾಲಿಗೆಯ ತುದಿಗೆ ಬಂತೆಂದು ಇಲ್ಲಿ ಬರೆಯಲಾರೆ. ನನ್ನ ಮಕ್ಕಳು ಇದನ್ನು ಓದಬಹುದು. ಆಗ ತಿಳಿಯಿತು, ಮಾಯ್ ಅಂದು ಎಷ್ಟು ಸಲೀಸಾಗಿ ಆ ಹರಕೆಯ ಬಾಗಿಲೊಳಗೆ ಕಾಲಿಟ್ಟಿರಬಹುದೆಂದು. ಹೊರಬರಲು ಎಷ್ಟು ಕಷ್ಟಪಟ್ಟಿರಬಹುದೆಂದು. "ನನಗೆ ಹೆದರಿಕೆ ಆಗ್ತದೆ. ನೋಡಿಕೋ" ಎಂದಷ್ಟೇ ಹೇಳಿ ಎದ್ದೆ.

ಮೂರನೆಯ ದಿನ ಬೆಳಿಗ್ಗೆ ಮಾಯ್ ಕಣ್ಣು ತೆರೆದು, ಅಷ್ಟು ನಳಿಗೆಗಳ ನಡುವೆಯೂ ನನ್ನನ್ನೇ ಕೇಳಿದಳು, "ಹುಷಾರಿದ್ದೀಯಾ?" "ಹುಷಾರಿದ್ದೇನೆ ಮಾಯ್" ಎಂದೆ. "ಹಾಗಾದ್ರೆ ಆಯ್ತು" ಎಂದಳು. ಮಧ್ಯಾಹ್ನಕ್ಕೆ ಹೋದಳು.

ಕೇಳಿದ್ದು ಸಿಗಲಿಲ್ಲ. ದೇವರ ಮೇಲೆ ನನಗೆ ಸಿಟ್ಟೂ ಇಲ್ಲ. ಈ ಮಳೆಗಾಲ ಒಂದು ವಾರ ನನಗೆ ನೆಗಡಿಯಾಗಿತ್ತು. ಮೂಗು ಕಟ್ಟಿದ ಸ್ವರದಲ್ಲೇ ಎಲ್ಲರ ಫೋನಿಗೂ ಉತ್ತರ ಕೊಟ್ಟೆ. ಯಾರೂ ಆಚೆ ಕಡೆ ಉಸಿರು ಹಿಡಿಯಲಿಲ್ಲ. ಈಗ ನನಗೆ ನೆಗಡಿಯಾದರೆ ಅದು ಬರೀ ನೆಗಡಿ.