ತಣ್ಣಗಾಗಲಿ ಎಂದು ಕಾದ ಪಿಕಪ್

ಪಿಕಪ್ಪಿನ ಬಾನೆಟ್ ಮೇಲೆ ಅಂಗೈ ಇಟ್ಟ ಕೂಡಲೇ ನನ್ನ ಮೊದಲ ಆಕ್ಷೇಪಣೆ ಸಿದ್ಧವಾಯಿತು. ಅದು ಬಿಸಿಯಾಗಿತ್ತು. ಹಳೆಯ ಡೀಸೆಲ್ ಎಂಜಿನ್ನಿನ ಕಾಯಿಲೆ ತಿಳಿಯಬೇಕಾದರೆ ಅದನ್ನು ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ನೋಡಬೇಕು ಎಂದು ಓದಿಕೊಂಡು ಬಂದಿದ್ದೆ. ಮಾರಲು ಹೊರಟವರು ನಾವು ಬರುವ ಮೊದಲೇ ಓಡಿಸಿ ಇಟ್ಟಿದ್ದರು.

“ನೀವು ಬತ್ತೀರಾಂತ ರೆಡಿ ಮಾಡಿಟ್ಟೆ ಮೇಡಂ,” ಎಂದರು ಮಾಲೀಕರು.

“ತಣ್ಣಗಾಗ್ಲಿ. ಕಾಯ್ತೀವಿ.”

ಅಪ್ಪ ನೆರಳು ಹುಡುಕಿಕೊಂಡು ಚಪ್ಪಡಿ ಕಲ್ಲಿನ ಮೇಲೆ ಕೂತರು. ಸರ್ಕಾರಿ ಕಾರ್ಖಾನೆಯ ಸ್ಟೋರ್ಸ್ ವಿಭಾಗದಿಂದ ಸ್ವಯಂನಿವೃತ್ತಿ ಪಡೆದು ಮನೆಯಲ್ಲಿದ್ದ ಅವರಿಗೆ, ಪೀಣ್ಯದ ಶೆಡ್ ಒಂದರವರು ಬಿಡಿಭಾಗ ಸಾಗಿಸುವ ಕೆಲಸ ಕೊಡುವುದಾಗಿ ಹೇಳಿದ್ದರು. ಸೋಮವಾರದೊಳಗೆ ಗಾಡಿ ತರದಿದ್ದರೆ ಆ ಕೆಲಸ ಬೇರೆಯವರ ಪಾಲು. ಕೆಟ್ಟ ಗಾಡಿ ತಂದರೆ ಕೆಲಸದ ಜೊತೆ ಇದ್ದ ಗಂಟೂ ಹೋಗುತ್ತಿತ್ತು. ಆಗ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಎಷ್ಟೋ ಭಾನುವಾರ ಬಾಗಲಗುಂಟೆಯಿಂದ ಹೊರಟು ಧೂಳು ಕುಡಿದು ಗಾಡಿ ನೋಡಿ ಬಂದಿದ್ದೆವು. ಎಲ್ಲವನ್ನೂ ಬೇಡ ಎಂದವಳು ನಾನೇ. ಈ ಸಲ ಬೆಂಗಳೂರಿನ ಇನ್ನೊಂದು ತುದಿಯ ಪಟ್ಟಂದೂರು ಅಗ್ರಹಾರದವರೆಗೆ ಬಂದಿದ್ದೆವು.

ಮಾಲೀಕರು ಆ ಊರಿನ ಹಳಬರು. ಈ ಗಾಡಿಯಲ್ಲಿ ತರಕಾರಿ ಸಾಗಿಸುತ್ತಿದ್ದವರು ಈಗ ಜಮೀನಿನಲ್ಲಿ ಬಾಡಿಗೆ ರೂಮು ಕಟ್ಟಿಸಿದ್ದರು, ಗಾಡಿ ಬೇಕಿರಲಿಲ್ಲ. ಮೀಟರ್ ಓಡಿದ ದೂರ ಕಡಿಮೆ ತೋರಿಸುತ್ತಿದೆ, ಕ್ಲಚ್ ಪೆಡಲಿನ ರಬ್ಬರ್ ಮಾತ್ರ ಸವೆದು ನುಣ್ಣಗಾಗಿದೆಯಲ್ಲ ಎಂದು ಕೇಳಿದೆ. ನಡುವೆ ಮೀಟರಿನ ಕೇಬಲ್ ಕಿತ್ತುಹೋಗಿತ್ತು ಎಂದರು. ಹಾಗಾದರೆ ಅದು ಓಡಿದ್ದೆಷ್ಟು ಎಂದರೆ ದೇವರಿಗೇ ಗೊತ್ತು ಎಂದರು. ಅಡಿಯಲ್ಲೇಕೆ ಹೊಸ ಕಪ್ಪು ಪೇಂಟು ಎಂದರೆ, ತುಕ್ಕು ಹಿಡಿಯಬಾರದಲ್ಲ ಎಂದರು. ಒಂದೊಂದು ಉತ್ತರವೂ ನಿಜವಿರಬಹುದಿತ್ತು. ಕೋಪ ಬಂದದ್ದು ಅದಕ್ಕೇ.

“ಮಗಳು ಲಾಯರ್ರಾ ಸಾರ್?” ಎಂದು ಅಪ್ಪನನ್ನು ಕೇಳಿದರು.

“ಡಿಗ್ರಿ ಓದ್ತಿದಾಳೆ. ಡಿಬೇಟ್ ಮಾಡ್ತಾಳೆ.”

“ಓ. ಮನೇಲೂನಾ?”

ಅಪ್ಪ ನಕ್ಕರು. ಬಹಳ ದಿನಗಳ ಮೇಲೆ.

ಅಷ್ಟರಲ್ಲಿ ಕಾಫಿ ಬಂತು. ಲೋಟ ಇಡಲು ಜಾಗ ಮಾಡುತ್ತ ಅಪ್ಪ ಬಟ್ಟೆಯ ಚೀಲ ಸರಿಸಿದರು. ಅದರ ಬಾಯಿಂದ ಚೆಂಡುಹೂವಿನ ಹಾರ ಇಣುಕಿತು, ಜೊತೆಗೆ ನಿಂಬೆಹಣ್ಣು. ಪೂಜೆ ಮಾಡದೆ, ಚಕ್ರಕ್ಕೆ ನಿಂಬೆಹಣ್ಣು ಇಡದೆ ಗಾಡಿ ಮನೆ ಕಡೆ ತಿರುಗಬಾರದು ಎಂದು ಅಮ್ಮ ಕೊಟ್ಟು ಕಳಿಸಿದ್ದರು. ಗಾಡಿ ನೋಡಲು ಹೋಗುವವರ ಕೈಗೆ ಯಾರಾದರೂ ಹಾರ ಕೊಡುತ್ತಾರೆಯೇ? ನಾನು ಅಷ್ಟು ಹೊತ್ತು ಕಟ್ಟಿದ ವಾದವೆಲ್ಲ ಆ ಚೀಲದ ಮುಂದೆ ನೆಲ ಕಚ್ಚಿತು. ಮಾಲೀಕರು ಹಾರ ನೋಡಿದರು, ನನ್ನನ್ನೂ ನೋಡಿದರು.

“ಇನ್ನೇನ್ ಬೇಕಾದ್ರೂ ಕೇಳಿ ಮೇಡಂ, ಏಳ್ತೀನಿ,” ಎಂದರು, ತುಂಬ ಪ್ರೀತಿಯಿಂದ. ಆಮೇಲೆ ನಾನು ಬೆಲೆಯ ಮಾತೆತ್ತಿದಾಗಲೆಲ್ಲ ಕಾಫಿ ಆರುತ್ತದೆ ಎಂದು ನೆನಪಿಸಿದರು.

ಬಿಸಿಲು ಇಳಿಯುವ ಹೊತ್ತಿಗೆ ಬಾನೆಟ್ ತಣ್ಣಗಾಗಿತ್ತು. ಕೀ ತಿರುಗಿಸಿದಾಗ ಎಂಜಿನ್ ಗೊರಗೊರ ಎಂದು ಎಳೆದಾಡಿ, ಇನ್ನೇನು ಬಿಟ್ಟಿತು ಎನ್ನುವಾಗ ಹತ್ತಿಕೊಂಡಿತು. ಹಿಂದಿನಿಂದ ಬಿಳಿ ಹೊಗೆ ಬಂದು ಸ್ವಲ್ಪ ಹೊತ್ತಿನಲ್ಲಿ ತೆಳುವಾಯಿತು. ಎಂಜಿನ್ ಸವೆದಿದ್ದರೆ ಅಲ್ಲಿಂದ ಗಾಳಿ ನುಗ್ಗುತ್ತದೆ ಎಂದು ಓದಿದ್ದರಿಂದ ಆಯಿಲ್ ಮುಚ್ಚಳ ತೆಗೆಸಿದೆ. ಒಳಗಿಂದ ಗಾಳಿ ಪುಸಪುಸ ಬರುತ್ತಿತ್ತು, ಜೋರಾಗಿ ಅಲ್ಲ.

“ದುಡಿದಿರೋ ಗಾಡಿ ಕಣಮ್ಮ, ಉಸಿರಾಡ್ದೆ ಇರ್ತದಾ?” ಎಂದರು ಮಾಲೀಕರು. “ಮೇಡಂ” ಹೋಗಿ ಈಗ “ಅಮ್ಮ” ಬಂದಿತ್ತು.

ನಾನು ಹೊಗೆಯಿಂದಲೇ ವಾದ ಶುರುಮಾಡಿದೆ. ಅಪ್ಪ ಕೈ ಎತ್ತಿ ತಡೆದರು.

“ಕಾರಣ ಬೇಡ. ತಗೊಳ್ಳೋದಾ, ಬೇಡ್ವಾ? ಅಷ್ಟು ಹೇಳು.”

ಕಾಲೇಜಿನಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ಗಂಟೆ ಹೊಡೆದ ಮೇಲೆ ಗೆದ್ದ ಮಾತನ್ನು ಯಾರೂ ಮನೆಗೆ ಓಡಿಸಿಕೊಂಡು ಹೋಗಬೇಕಿರಲಿಲ್ಲ. ಈ ಗಾಡಿ ಕೈಕೊಡುತ್ತದೆ ಎನ್ನಲು ನನ್ನ ಬಳಿ ಕಾರಣಗಳಿದ್ದವು. ಕೈಕೊಡುವುದಿಲ್ಲ ಎಂದು ಯಾವ ಗಾಡಿಯ ಬಗ್ಗೆಯೂ ಸಾಧಿಸಲಾಗದು. ಹೀಗೇ ವಾದಿಸುತ್ತ ಹೋದರೆ ಅಪ್ಪ ಎಂದೆಂದಿಗೂ ಮನೆಯಲ್ಲೇ ಕೂತಿರುತ್ತಿದ್ದರು.

“ತಗೊಳ್ಳೋಣ,” ಎಂದೆ. ನನಗೆ ನಂಬಿಕೆ ಬಂದಿರಲಿಲ್ಲ, ಸಾಕಾಗಿತ್ತು.

ಹಣ ಕೊಟ್ಟು, ಹಾರ ಹಾಕಿ ಹೊರಟ ಗಾಡಿ ಮಾರತ್ತಹಳ್ಳಿಯ ಜಾಮಿನಲ್ಲಿ ಬಸ್ಸುಗಳ ನಡುವೆ ನಿಂತಾಗ ಟೆಂಪರೇಚರ್ ಮುಳ್ಳನ್ನು ಬಿಟ್ಟು ನಾನು ಬೇರೇನೂ ನೋಡಲಿಲ್ಲ. ಸೋಮವಾರ ಶೆಡ್ಡಿನ ಮಾಲು ಹೋಯಿತು, ಮಂಗಳವಾರವೂ. ಗಾಡಿ ಆಗಾಗ ಗ್ಯಾರೇಜು ಕಂಡರೂ ಅಪ್ಪನ ಕೆಲಸ ತಪ್ಪಿಸಲಿಲ್ಲ. ಆದರೂ ಬಾಗಲಗುಂಟೆಯ ಆ ಮನೆಯಲ್ಲಿದ್ದಷ್ಟು ಕಾಲ, ಬೆಳಗ್ಗೆ ಹೊರಗೆ ಆ ಗೊರಗೊರ ಶುರುವಾದರೆ ನಾನು ಹಾಸಿಗೆಯಲ್ಲಿ ಉಸಿರು ಹಿಡಿದು ಮಲಗಿರುತ್ತಿದ್ದೆ, ಎಂಜಿನ್ ಹತ್ತಿಕೊಳ್ಳುವವರೆಗೂ.